ಬಯಲಿನ ಕ್ರೀಡಾಕೂಟದಲ್ಲಿ ಬ್ರಾಸ್ ಬ್ಯಾಂಡ್: ತುಟಿ ಸೋಲುವುದೇಕೆ, ನಾದ ಕಳೆದುಹೋಗುವುದೇಕೆ?

ಪ್ರಶ್ನೆ: ನಾನು ಮೂರು ವರ್ಷಗಳಿಂದ ಹವ್ಯಾಸಿ ಬ್ರಾಸ್ ಬ್ಯಾಂಡ್ ಒಂದರಲ್ಲಿ ಸೆಕೆಂಡ್ ಕಾರ್ನೆಟ್ (ತುತ್ತೂರಿಯಂಥ ಪುಟ್ಟ ಹಿತ್ತಾಳೆ ವಾದ್ಯದ ಎರಡನೇ ಭಾಗ) ನುಡಿಸುತ್ತಿದ್ದೇನೆ. ನಮ್ಮ ಅಭ್ಯಾಸವೆಲ್ಲ ಸಭಾಂಗಣದೊಳಗೆ ನಡೆಯುತ್ತದೆ. ಕಳೆದ ವರ್ಷ ಗ್ರಾಮೀಣ ಕ್ರೀಡೋತ್ಸವವೊಂದರಲ್ಲಿ ಬೆಳಗಿನ ಪಥಸಂಚಲನದಿಂದ ಸಂಜೆಯ ಬಹುಮಾನ ವಿತರಣೆಯವರೆಗೆ ನುಡಿಸಿದೆವು. ಮೈದಾನದಲ್ಲಿ ನನ್ನ ವಾದ್ಯದ ನಾದ ನನಗೇ ಕೇಳಿಸುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಇಡೀ ಬ್ಯಾಂಡ್‌ನ ಶ್ರುತಿ ಕೆಟ್ಟಿತು, ಕೊನೆಯಲ್ಲಿ ವಿಜೇತರನ್ನು ಬರಮಾಡಿಕೊಳ್ಳಬೇಕಾದಾಗ ನನ್ನ ತುಟಿಯಿಂದ ಸ್ವರವೇ ಹೊರಡಲಿಲ್ಲ. ಈ ವರ್ಷವೂ ಆಹ್ವಾನ ಬಂದಿದೆ. ಹೇಗೆ ಸಿದ್ಧವಾಗಬೇಕು?

ಉತ್ತರ: ನೀವು ಮೂರು ತೊಂದರೆಗಳನ್ನು ಬೇರೆ ಬೇರೆಯಾಗಿ ಹೇಳಿದ್ದೀರಿ, ಆದರೆ ಅವು ಬಹುಮಟ್ಟಿಗೆ ಒಂದೇ ಬೇರಿನಿಂದ ಹುಟ್ಟಿದವು. ಬಯಲಿನಲ್ಲಿ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ತಾನು ಊದಿದ್ದು ತನಗೇ ಕೇಳಿಸದಿದ್ದಾಗ ವಾದಕ ತನಗರಿವಿಲ್ಲದೆಯೇ ಇನ್ನಷ್ಟು ಬಲವಾಗಿ ಊದತೊಡಗುತ್ತಾನೆ. ಬಲವಾಗಿ ಊದಿದಾಗ ಶ್ರುತಿ ಅಲುಗುತ್ತದೆ, ಮೌತ್‌ಪೀಸ್ ತುಟಿಗೆ ಒತ್ತಿಕೊಳ್ಳುತ್ತದೆ, ಒತ್ತಿದ ತುಟಿ ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಒಂದೇ: ಮೈದಾನದಲ್ಲಿ ಸಭಾಂಗಣಕ್ಕಿಂತ ಜೋರಾಗಿ ಊದಬೇಡಿ. ಕೇಳಲು ಇದು ವಿಚಿತ್ರವೆನಿಸಬಹುದು, ಏಕೆಂದರೆ ದೂರದವರೆಗೂ ಕೇಳಿಸಲಿ ಎಂದೇ ನಮ್ಮನ್ನು ಕರೆದಿರುತ್ತಾರೆ. ಆದರೂ ಬಯಲಿನಲ್ಲಿ ನುಡಿಸುತ್ತ ಕಳೆದ ವರ್ಷಗಳಲ್ಲಿ ನನಗೆ ಇದಕ್ಕಿಂತ ಉಪಯುಕ್ತವಾದ ಸೂತ್ರ ಇನ್ನೊಂದು ಸಿಕ್ಕಿಲ್ಲ.

ಸಭಾಂಗಣದಲ್ಲಿ ನೀವು ಕೇಳುವ ನಿಮ್ಮ ನಾದದ ದೊಡ್ಡ ಪಾಲು ವಾದ್ಯದಿಂದ ನೇರವಾಗಿ ಕಿವಿಗೆ ಬಂದದ್ದಲ್ಲ. ಕಾರ್ನೆಟ್‌ನ ಬಾಯಿ ನಿಮ್ಮಿಂದಾಚೆಗೆ ಮುಖ ಮಾಡಿರುತ್ತದೆ. ಅದರಿಂದ ಹೊರಟ ನಾದ ಎದುರಿನ ಗೋಡೆಗೆ, ನೆಲಕ್ಕೆ, ಚಾವಣಿಗೆ ತಾಗಿ ಮರಳಿದಾಗಲೇ ಅದು ತುಂಬಿದ ನಾದವಾಗಿ ನಿಮಗೆ ಕೇಳಿಸುತ್ತದೆ. ಬಯಲಿನಲ್ಲಿ ಈ ಮರಳಿಕೆ ಇಲ್ಲ. ತಡೆಯಿಲ್ಲದ ಜಾಗದಲ್ಲಿ ದೂರ ಎರಡು ಪಟ್ಟಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ: 10 ಮೀಟರ್ ದೂರದಲ್ಲಿರುವವನಿಗಿಂತ 20 ಮೀಟರ್ ದೂರದವನಿಗೆ 6 ಡೆಸಿಬೆಲ್ ಕಡಿಮೆ, 40 ಮೀಟರ್ ದೂರದವನಿಗೆ 12 ಡೆಸಿಬೆಲ್ ಕಡಿಮೆ. ಒಬ್ಬ ಸೆಕೆಂಡ್ ಕಾರ್ನೆಟ್ ವಾದಕ ಕೆನ್ನೆ ಕೆಂಪಾಗುವಂತೆ ಊದಿ ಈ ಲೆಕ್ಕವನ್ನು ಗೆಲ್ಲಲಾರ. ನಾನು ಹೊಸಬನಾಗಿದ್ದಾಗ ಗೆಲ್ಲಲು ನೋಡಿದ್ದೆ. ಮೊದಲ ಎರಡು ಗಂಟೆಯಲ್ಲೇ ಶಕ್ತಿಯನ್ನೆಲ್ಲ ಸುರಿದು, ಸಂಜೆ ಪಾರಿತೋಷಕ ಎತ್ತಿ ಹಿಡಿಯುವ ಗಳಿಗೆಯಲ್ಲಿ ವಾದ್ಯವನ್ನು ಬಾಯಿಗಿಟ್ಟುಕೊಂಡು ಬರೀ ಗಾಳಿ ಬಿಟ್ಟೆ. ಎದುರಿಗೆ ನಿಂತಿದ್ದ ಆ ಆಟಗಾರರ ಮುಖಗಳು ನನಗೆ ಇಂದಿಗೂ ನೆನಪಿವೆ. ಆ ದಿನದ ನಂತರವೇ ನಾನು ಬಯಲಿನ ವಾದನವನ್ನು ಬೇರೆಯದೇ ವಿದ್ಯೆಯೆಂದು ಕಲಿಯತೊಡಗಿದ್ದು.

ಕಿವಿ ಸುಳ್ಳು ಹೇಳುವ ಕಡೆ ಮೈಯನ್ನು ನಂಬಬೇಕು. ಸಭಾಂಗಣದಲ್ಲಿ ಮಧ್ಯಮ ದನಿಯಲ್ಲಿ ಊದುವಾಗ ಹೊಟ್ಟೆಯ ಬಿಗಿತ ಎಷ್ಟಿರುತ್ತದೆ, ಒಂದು ಉಸಿರಿಗೆ ಎಷ್ಟು ಬಾರ್‌ಗಳು (ತಾಳದ ಸುತ್ತುಗಳು) ಸಾಗುತ್ತವೆ, ತುಟಿಯ ಮೂಲೆಗಳು ಎಷ್ಟು ಗಟ್ಟಿಯಾಗಿರುತ್ತವೆ ಎಂಬುದನ್ನು ಈಗಿನಿಂದಲೇ ಗಮನಿಸಿ, ಮೈದಾನದಲ್ಲೂ ಅದೇ ಅಳತೆಗೆ ನುಡಿಸಿ. ನಾಲ್ಕು ಬಾರ್‌ಗೆ ಸಾಲುತ್ತಿದ್ದ ಉಸಿರು ಎರಡೇ ಬಾರ್‌ಗೆ ಮುಗಿಯುತ್ತಿದೆಯೆಂದರೆ ನೀವು ಅತಿಯಾಗಿ ಊದುತ್ತಿದ್ದೀರಿ ಎಂದೇ ಅರ್ಥ. ಕ್ರೀಡೋತ್ಸವಕ್ಕೆ ಮುಂಚೆ ಇಡೀ ಬ್ಯಾಂಡ್ ಎರಡು ಮೂರು ಸಲವಾದರೂ ತೆರೆದ ಜಾಗದಲ್ಲಿ ಅಭ್ಯಾಸ ಮಾಡುವುದು ಅತ್ಯಗತ್ಯ. ಈ ಅಪರಿಚಿತ ಮೌನಕ್ಕೆ ಕಿವಿ ಒಗ್ಗಿಕೊಳ್ಳಲು ಬೇರೆ ದಾರಿಯಿಲ್ಲ.

ನಾದ ಕಳೆದುಹೋಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ಬ್ರಾಸ್ ಬ್ಯಾಂಡ್‌ನ ರಚನೆಯಲ್ಲೇ ಅಡಗಿದೆ. ಬ್ರಿಟಿಷ್ ಮಾದರಿಯ ಪೂರ್ಣ ಬ್ಯಾಂಡ್‌ನಲ್ಲಿ ಒಂದು ಸೊಪ್ರಾನೊ ಕಾರ್ನೆಟ್, ಒಂಬತ್ತು ಬಿ ಫ್ಲಾಟ್ ಕಾರ್ನೆಟ್, ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯೂಫೋನಿಯಂ, ಮೂರು ಟ್ರೊಂಬೋನ್, ನಾಲ್ಕು ಬಾಸ್ (ಅತಿ ಕೆಳ ಸ್ವರದ ದೊಡ್ಡ ವಾದ್ಯ) ಮತ್ತು ತಾಳವಾದ್ಯಗಳಿರುತ್ತವೆ. ಇವುಗಳಲ್ಲಿ ಕಾರ್ನೆಟ್, ಫ್ಲೂಗಲ್‌ಹಾರ್ನ್ ಮತ್ತು ಟ್ರೊಂಬೋನ್‌ಗಳ ಬಾಯಿ ಮುಂದಕ್ಕೆ ತೆರೆದಿದ್ದರೆ, ಟೆನರ್ ಹಾರ್ನ್, ಬ್ಯಾರಿಟೋನ್, ಯೂಫೋನಿಯಂ ಮತ್ತು ಬಾಸ್‌ಗಳ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಸಭಾಂಗಣದಲ್ಲಿ ಚಾವಣಿ ಆ ನಾದವನ್ನು ಕೆಳಗಿಳಿಸಿ ಎಲ್ಲರಿಗೂ ಹಂಚುತ್ತದೆ; ಮೈದಾನದಲ್ಲಿ ಅದರ ಬಹುಪಾಲು ಆಕಾಶದ ಪಾಲಾಗುತ್ತದೆ. ಪರಿಣಾಮವಾಗಿ ಪ್ರೇಕ್ಷಕರಿಗೆ ಮೇಲಿನ ರಾಗವೂ ಟ್ರೊಂಬೋನ್‌ನ ಗಡಸು ಅಂಚೂ ಡ್ರಮ್‌ನ ಪೆಟ್ಟೂ ಕೇಳಿಸುತ್ತವೆ, ನಡುವಿನ ಮೈ ಮಾತ್ರ ಟೊಳ್ಳಾಗಿ ಉಳಿಯುತ್ತದೆ. ಉದ್ಯಾನಗಳ ಬ್ಯಾಂಡ್‌ಸ್ಟ್ಯಾಂಡ್‌ಗಳಿಗೆ ಚಾವಣಿ ಇರುವುದರಿಂದ ವಾದಕರಿಗೆ ನೆರಳು ಸಿಗುವುದಷ್ಟೇ ಅಲ್ಲ, ಮೇಲಕ್ಕೆ ಹೋದ ನಾದವೂ ಕೆಳಗೆ ಮರಳುತ್ತದೆ.

ಹೀಗಾಗಿ ಜಾಗದ ಆಯ್ಕೆಯನ್ನು ಆಯೋಜಕರಿಗೆ ಮಾತ್ರ ಬಿಟ್ಟುಬಿಡಬಾರದು. ನಿಮ್ಮ ಬ್ಯಾಂಡ್‌ಮಾಸ್ಟರ್ ಹಿಂದಿನ ದಿನವೇ ಮೈದಾನಕ್ಕೆ ಹೋಗಿ ನೋಡಲಿ. ಬೆನ್ನಿಗೊಂದು ಗಟ್ಟಿ ಗೋಡೆ ಸಿಕ್ಕರೆ ಒಳ್ಳೆಯದು, ತಲೆಯ ಮೇಲೆ ಗಟ್ಟಿಯಾದ ಮಾಡು ಸಿಕ್ಕರೆ ಇನ್ನೂ ಒಳ್ಳೆಯದು. ಬಟ್ಟೆಯ ಚಪ್ಪರ ಬಿಸಿಲನ್ನು ತಡೆಯುತ್ತದೆ, ಆದರೆ ನಾದವನ್ನು ಅಷ್ಟಾಗಿ ಹಿಂದಿರುಗಿಸುವುದಿಲ್ಲ. ಗಾಳಿಯ ದಿಕ್ಕನ್ನೂ ನೋಡಬೇಕು. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ, ಮೇಲೆ ಹೆಚ್ಚು. ಈ ವ್ಯತ್ಯಾಸದಿಂದ ಗಾಳಿ ಬೀಸುವ ದಿಕ್ಕಿಗೆ ಸಾಗುವ ಶಬ್ದ ನೆಲದತ್ತ ಬಾಗುತ್ತದೆ, ಗಾಳಿಗೆ ಎದುರಾಗಿ ಹೊರಟ ಶಬ್ದ ಮೇಲಕ್ಕೆ ಬಾಗಿ ಕೇಳುಗರ ತಲೆಯ ಮೇಲಿಂದ ಹಾದುಹೋಗುತ್ತದೆ. ಆದ್ದರಿಂದ ಗಾಳಿ ಬ್ಯಾಂಡ್‌ನ ಬೆನ್ನ ಕಡೆಯಿಂದ ಪ್ರೇಕ್ಷಕರತ್ತ ಬೀಸುವಂತೆ ನಿಲ್ಲುವುದು ಲೇಸು. ನಡುಹಗಲಿನ ಸುಡುವ ನೆಲವೂ ಇಂಥದೇ ಕೆಲಸ ಮಾಡುತ್ತದೆ: ನೆಲದ ಬಳಿಯ ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುವುದರಿಂದ ಅದು ಮೇಲಕ್ಕೆ ಬಾಗುತ್ತದೆ. ಸಂಜೆ ನೆಲ ತಣಿದ ಮೇಲೆ ಬಾಗು ತಿರುವುಮುರುವಾಗಿ ನಾದ ದೂರದವರೆಗೆ ನಿಚ್ಚಳವಾಗಿ ತಲುಪುತ್ತದೆ. ಮಧ್ಯಾಹ್ನ ಕಾಣೆಯಾದಂತಿದ್ದ ಬ್ಯಾಂಡ್ ಬಹುಮಾನ ವಿತರಣೆಯ ಹೊತ್ತಿಗೆ ತುಂಬಿ ಕೇಳಿಸುವುದರಲ್ಲಿ ಪ್ರಕೃತಿಯ ಈ ಸಹಾಯವೂ ಸೇರಿದೆ. ಅಂದಮೇಲೆ ಮಧ್ಯಾಹ್ನ ತುಟಿಯನ್ನು ಸವೆಸಿ ಸಂಜೆಗೆ ಬರಿಗೈಯಾಗುವುದು ಎಷ್ಟು ನಷ್ಟದ ವ್ಯವಹಾರವೆಂಬುದನ್ನು ಯೋಚಿಸಿ.

ಬ್ಯಾಂಡ್‌ನೊಳಗಿನ ಸಮತೋಲವನ್ನೂ ಬಯಲಿಗೆ ತಕ್ಕಂತೆ ಬದಲಿಸಬೇಕು. ಕಾರ್ನೆಟ್ ಮತ್ತು ಟ್ರೊಂಬೋನ್‌ಗಳು ಸ್ವರಲಿಪಿಯಲ್ಲಿ ಬರೆದುದಕ್ಕಿಂತ ಒಂದು ಮೆಟ್ಟಿಲು ಮೆಲ್ಲಗೆ, ಹಾರ್ನ್, ಬ್ಯಾರಿಟೋನ್ ಮತ್ತು ಯೂಫೋನಿಯಂಗಳು ತುಸು ತುಂಬಿ ನುಡಿಸಬೇಕು. ಸೆಕೆಂಡ್ ಕಾರ್ನೆಟ್ ವಾದಕರಾದ ನಿಮಗೆ ಇಲ್ಲಿ ಮಹತ್ವದ ಪಾತ್ರವಿದೆ. ನಡುವಿನ ಸ್ವರಗಳನ್ನು ಮುಂದಕ್ಕೆ ತಲುಪಿಸಬಲ್ಲ ಕೆಲವೇ ವಾದ್ಯಗಳಲ್ಲಿ ನಿಮ್ಮದೂ ಒಂದು. ಆ ಸ್ವರಗಳನ್ನು ಜೋರಿನಿಂದಲ್ಲ, ಸ್ಪಷ್ಟವಾದ ನಾಲಿಗೆಯ ಪೆಟ್ಟಿನಿಂದ, ಪೂರ್ತಿ ಉದ್ದಕ್ಕೆ ಹಿಡಿದು ನುಡಿಸಿ. ಸಭಾಂಗಣದಲ್ಲಿ ಪ್ರತಿಧ್ವನಿ ತುಂಬಿಕೊಡುತ್ತಿದ್ದ ಸ್ವರದ ಬಾಲವನ್ನು ಇಲ್ಲಿ ನೀವೇ ತುಂಬಬೇಕು.

ಶ್ರುತಿಯ ವಿಷಯ. ಬಿಸಿಲಿಗೆ ಹಿತ್ತಾಳೆ ಹಿಗ್ಗಿ ಶ್ರುತಿ ಕೆಡುತ್ತದೆ ಎಂಬ ಮಾತು ವಾದಕರಲ್ಲಿ ಬಹಳ ಕೇಳಿಬರುತ್ತದೆ, ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಬಿ ಫ್ಲಾಟ್ ಕಾರ್ನೆಟ್‌ನ ಕೊಳವೆ ಸುಮಾರು 1.4 ಮೀಟರ್ ಉದ್ದವಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಹಿಗ್ಗುತ್ತದೆ, ಹಿಗ್ಗಿದರೆ ಶ್ರುತಿ ಇಳಿಯಬೇಕು. ನಿಜದಲ್ಲಿ ಆಗುವುದು ಇದಕ್ಕೆ ವಿರುದ್ಧ: ಶ್ರುತಿ ಏರುತ್ತದೆ. ಕಾರಣ ಕೊಳವೆಯೊಳಗಿನ ಗಾಳಿ. ಬೆಚ್ಚಗಾದ ಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುತ್ತದೆ, ಒಳಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಶ್ರುತಿ ಸುಮಾರು 3 ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಭಾಗ, ಮೇಲೇರುತ್ತದೆ. ಉಸಿರಿನ ಬಿಸಿ ಒಳಗಾಳಿಯನ್ನು ತಕ್ಕಮಟ್ಟಿಗೆ ಒಂದೇ ಮಟ್ಟದಲ್ಲಿ ಇರಿಸುವುದರಿಂದ ಹೊರಗಿನ ಬಿಸಿಲಿನ ಏರಿಕೆಯೆಲ್ಲ ಶ್ರುತಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ತೊಂದರೆಯಿರುವುದು ಎಲ್ಲ ವಾದ್ಯಗಳೂ ಒಂದೇ ರೀತಿ ವರ್ತಿಸದಿರುವುದರಲ್ಲಿ. ಪುಟ್ಟ ಕಾರ್ನೆಟ್ ಒಂದೆರಡು ನಿಮಿಷದಲ್ಲಿ ಉಸಿರಿನಿಂದ ಬೆಚ್ಚಗಾಗುತ್ತದೆ, ಸುಮಾರು 5.5 ಮೀಟರ್ ಉದ್ದದ ಬಿ ಫ್ಲಾಟ್ ಬಾಸ್‌ನ ಕೊಳವೆಯನ್ನು ಉಸಿರು ಪೂರ್ತಿಯಾಗಿ ಬಿಸಿ ಮಾಡಲಾರದು, ಅದು ಸುತ್ತಲಿನ ಹವೆಯನ್ನೇ ಹೆಚ್ಚಾಗಿ ಅನುಸರಿಸುತ್ತದೆ. ಬೆಳಗಿನ ಚಳಿಯಲ್ಲಿ ಬಾಸ್‌ಗಳು ಕೆಳಗಿಳಿದಿರುತ್ತವೆ, ಮಧ್ಯಾಹ್ನದ ಬಿಸಿಲಲ್ಲಿ ಮೇಲೇರುತ್ತವೆ, ಕಾರ್ನೆಟ್‌ಗಳು ಬೆಳಗಿದ್ದ ಹತ್ತಿರವೇ ಉಳಿದಿರುತ್ತವೆ.

ಆದ್ದರಿಂದ ಬೆಳಗ್ಗೆ ಒಮ್ಮೆ ಶ್ರುತಿ ಕೂಡಿಸಿ ಸಂಜೆಯವರೆಗೆ ಅದನ್ನೇ ನಂಬುವುದು ತಪ್ಪು. ಪ್ರತಿ ವಿರಾಮದ ನಂತರ, ವಾದ್ಯವನ್ನು ಸ್ವಲ್ಪ ಹೊತ್ತು ಊದಿ ಬೆಚ್ಚಗಾಗಿಸಿದ ಮೇಲೆ, ಬಾಸ್‌ಗಳಿಂದ ಆರಂಭಿಸಿ ಮತ್ತೆ ಶ್ರುತಿ ಕೂಡಿಸಿ. ನಿಮ್ಮ ಕಾರ್ನೆಟ್ 10 ಸೆಂಟ್ ಮೇಲಿದ್ದರೆ ಕೊಳವೆಗೆ ಸುಮಾರು 8 ಮಿಲಿಮೀಟರ್ ಸೇರಿಸಬೇಕು. ಟ್ಯೂನಿಂಗ್ ಸ್ಲೈಡ್‌ಗೆ, ಅಂದರೆ ಶ್ರುತಿ ಕೂಡಿಸಲು ಹೊರಗೆಳೆಯುವ ಬಾಗಿದ ಕೊಳವೆಗೆ, ಎರಡು ಕಾಲುಗಳಿರುವುದರಿಂದ ಅದನ್ನು 4 ಮಿಲಿಮೀಟರ್ ಹೊರಗೆಳೆದರೆ ಸಾಕು. ಈ ಕೆಲಸವನ್ನು ಸ್ಲೈಡ್‌ಗೆ ಬಿಡದೆ ತುಟಿಯಿಂದ ಸ್ವರವನ್ನು ಎಳೆದು ಹಿಡಿಯಲು ಹೋದಿರೋ, ಸಂಜೆಯ ತುಟಿಯನ್ನು ಮಧ್ಯಾಹ್ನವೇ ಖರ್ಚು ಮಾಡಿದಂತೆ. ನುಡಿಸದಿರುವಾಗ ವಾದ್ಯವನ್ನು ನೆರಳಿನಲ್ಲಿಡಿ, ಬಿಸಿಲಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಂತೂ ಬೇಡ.

ಪಥಸಂಚಲನದಲ್ಲಿ ಕಾಲದ ಪ್ರಶ್ನೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಉದ್ದ ಸಾಲಿನಲ್ಲಿ ಡ್ರಮ್ ನಿಮ್ಮಿಂದ 17 ಮೀಟರ್ ಹಿಂದಿದ್ದರೆ ಅದರ ಪೆಟ್ಟು ನಿಮ್ಮನ್ನು ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ಒಂದು ಬೀಟ್ ಅರ್ಧ ಸೆಕೆಂಡಿನದು, ಆದ್ದರಿಂದ ಈ ತಡ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ನಡೆಯುವಾಗ ಮುಂದಿನ ಸಾಲಿನವರು ಹಿಂದಿನಿಂದ ಬಂದ ನಾದವನ್ನು ಕೇಳಿ ಅದರೊಂದಿಗೆ ಸೇರಿ ನುಡಿಸಬೇಕು. ಆಗ ಎರಡೂ ಒಟ್ಟಾಗಿ ಮುಂದಕ್ಕೆ ಸಾಗಿ ಎದುರಿನ ಕೇಳುಗನಿಗೆ ಒಂದೇ ನಾದವಾಗಿ ತಲುಪುತ್ತವೆ. ಎದುರಿನಿಂದ ಮರಳುವ ಪ್ರತಿಧ್ವನಿಗೆ ಮಾತ್ರ ಎಂದೂ ಕಿವಿಗೊಡಬೇಡಿ. ಸುಮಾರು 42 ಮೀಟರ್ ದೂರದಲ್ಲಿ ಪ್ರೇಕ್ಷಕರ ಗ್ಯಾಲರಿಯ ಗೋಡೆಯಿದ್ದರೆ ಮಾರ್ದನಿ ಕಾಲು ಸೆಕೆಂಡಿನ ನಂತರ, ಸರಿಯಾಗಿ ಎರಡು ಬೀಟ್‌ಗಳ ನಡುವೆ ಬಂದು ಬಡಿಯುತ್ತದೆ, ಅನುಭವಿಗಳೂ ಅಲ್ಲಿ ಎಡವುತ್ತಾರೆ. ನಿಂತು ನುಡಿಸುವಾಗ ಬ್ಯಾಂಡ್‌ಮಾಸ್ಟರ್‌ರ ಕೈಯೇ ಪ್ರಮಾಣ. ಬ್ಯಾಂಡ್ ಒತ್ತೊತ್ತಾಗಿ ನಿಂತಷ್ಟೂ ಈ ತೊಂದರೆಗಳೆಲ್ಲ ಕಡಿಮೆಯಾಗುತ್ತವೆ.

ಹುಲ್ಲಿನ ನೆಲ ಸಮತಟ್ಟಾಗಿರುವುದಿಲ್ಲ. ಪಾದವನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಉರುಳಿಸುತ್ತ, ಮೊಣಕಾಲನ್ನು ಸಡಿಲವಾಗಿಟ್ಟು ನಡೆಯುವುದನ್ನು ವಾದ್ಯವಿಲ್ಲದೆ ಮೊದಲು ಅಭ್ಯಾಸ ಮಾಡಿ. ಗುಂಡಿಗೆ ಕಾಲಿಟ್ಟಾಗ ಮೌತ್‌ಪೀಸ್ ಹಲ್ಲಿಗೆ ಬಡಿದು ತುಟಿ ಒಡೆಯುವುದು ನಾನು ಕಣ್ಣಾರೆ ಕಂಡ ಸಂಗತಿ. ನೆಲ ತೀರಾ ಕೆಟ್ಟಿರುವ ಕಡೆ ಡ್ರಮ್‌ನ ಪೆಟ್ಟಿಗೆ ಮಾತ್ರ ನಡೆದು, ಸಮತಟ್ಟಾದ ಜಾಗದಲ್ಲಿ ವಾದ್ಯವನ್ನು ಎತ್ತಿದರೆ ಯಾರೂ ತಪ್ಪೆನ್ನುವುದಿಲ್ಲ.

ಈಗ ತುಟಿ. ಬಾಯಿಯ ಸುತ್ತಲಿನ ಸ್ನಾಯುಗಳು ಸಣ್ಣವು. ಮೌತ್‌ಪೀಸ್‌ನ ಉಂಗುರ ಒತ್ತಿದಾಗ ಅಲ್ಲಿನ ರಕ್ತಸಂಚಾರ ಕುಂದುತ್ತದೆ, ದಣಿವು ಬೇಗ ಏರುತ್ತದೆ. ವಾದ್ಯವನ್ನು ತುಟಿಯಿಂದ ತೆಗೆದ ಕೆಲವೇ ಸೆಕೆಂಡುಗಳಲ್ಲಿ ರಕ್ತ ಮರಳತೊಡಗುತ್ತದೆ ಎಂಬುದೇ ನಮಗಿರುವ ದೊಡ್ಡ ಅನುಕೂಲ. ಆದ್ದರಿಂದ ಎರಡು ಬಾರ್‌ನ ವಿರಾಮ ಸಿಕ್ಕರೂ ವಾದ್ಯವನ್ನು ಪೂರ್ತಿ ಕೆಳಗಿಳಿಸಿ. ಸೆಕೆಂಡ್ ಕಾರ್ನೆಟ್‌ಗೆ ಸಾಮಾನ್ಯವಾಗಿ ಇಬ್ಬರು ವಾದಕರಿರುತ್ತೀರಿ. ಪುನರಾವರ್ತನೆಯಾಗುವ ಭಾಗಗಳನ್ನು ಒಬ್ಬರಾದ ಮೇಲೊಬ್ಬರು ನುಡಿಸುವುದೆಂದು ಮುಂಚೆಯೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರಧಾನ ಕಾರ್ನೆಟ್‌ನ ಪಕ್ಕದಲ್ಲಿ ಕೂತು ಅವರ ಹೊರೆಯನ್ನು ಹಂಚಿಕೊಳ್ಳುವ ವಾದಕನಿಗೆ ಬ್ರಿಟಿಷ್ ಬ್ಯಾಂಡ್‌ಗಳಲ್ಲಿ ಬಂಪರ್-ಅಪ್ ಎಂಬ ಹೆಸರೇ ಇದೆ. ಅಂದರೆ ಹೊರೆ ಹಂಚಿಕೊಳ್ಳುವುದು ದುರ್ಬಲರ ಉಪಾಯವಲ್ಲ, ಅದು ಈ ಪರಂಪರೆಯೊಳಗೇ ಬೆಳೆದು ಬಂದ ವ್ಯವಸ್ಥೆ.

ನಾಲ್ಕು ವಾರ ಮುಂಚಿನಿಂದಲೇ ತಯಾರಿ ಆರಂಭಿಸಿ. ದಿನವೂ ಮೆಲುದನಿಯಲ್ಲಿ ದೀರ್ಘ ಸ್ವರಗಳನ್ನು ಊದಿ; ಮೆಲ್ಲಗೆ ಊದುವ ಅಭ್ಯಾಸದಿಂದ ತುಟಿಯ ಮೂಲೆಗಳಿಗೆ ಬರುವ ಶಕ್ತಿ ಜೋರಾಗಿ ಊದುವುದರಿಂದ ಬರುವುದಿಲ್ಲ. ಇಪ್ಪತ್ತು ನಿಮಿಷ ನುಡಿಸಿದರೆ ಇಪ್ಪತ್ತು ನಿಮಿಷ ವಿಶ್ರಾಂತಿ ಎಂಬ ಲೆಕ್ಕದಲ್ಲಿ ಮೊದಲು ಒಂದು ಸುತ್ತು, ನಂತರ ಎರಡು, ಕೊನೆಯ ವಾರದ ಆರಂಭದಲ್ಲಿ ಒಂದು ದಿನ ಕ್ರೀಡೋತ್ಸವದ ವೇಳಾಪಟ್ಟಿಯನ್ನೇ ಅನುಸರಿಸಿ ಬೆಳಗಿನಿಂದ ಸಂಜೆಯವರೆಗೆ ಬಿಟ್ಟುಬಿಟ್ಟು ನುಡಿಸಿ ನೋಡಿ. ಕ್ರೀಡೋತ್ಸವದ ಹಿಂದಿನ ಎರಡು ದಿನ ಬಹಳ ಹಗುರವಾಗಿರಲಿ. ಕ್ರೀಡೋತ್ಸವದ ದಿನ ಬೆಳಗ್ಗೆ ಹತ್ತು ಹದಿನೈದು ನಿಮಿಷ ಕೆಳ ಸ್ವರಗಳಲ್ಲಿ ತುಟಿಯನ್ನು ಎಚ್ಚರಿಸಿದರೆ ಸಾಕು. ಮೈದಾನದ ಮೂಲೆಯಲ್ಲಿ ನಿಂತು ತಾರಕ ಸ್ವರಗಳನ್ನು ಪರೀಕ್ಷಿಸುವ ಆಸೆಯನ್ನು ತಡೆದುಕೊಳ್ಳಿ. ಆಗಾಗ ಗುಟುಕು ನೀರು ಕುಡಿಯಿರಿ, ಸಿಹಿ ಪಾನೀಯ ಬೇಡ. ಅದರ ಸಕ್ಕರೆ ಉಸಿರಿನೊಂದಿಗೆ ಬೆರಳಿನಿಂದ ಒತ್ತುವ ವಾಲ್ವ್‌ಗಳೊಳಗೆ ಸೇರಿ ಅಂಟಾಗುತ್ತದೆ. ಕೆಳತುಟಿಗೆ ಬಿಸಿಲು ನೇರವಾಗಿ ಬೀಳುವುದರಿಂದ ವಿರಾಮಗಳಲ್ಲಿ ಬಿಸಿಲು ತಡೆಯುವ ಮುಲಾಮು ಹಚ್ಚಿ, ನುಡಿಸುವ ಮುನ್ನ ಒರೆಸಿಕೊಳ್ಳಿ.

ಕ್ರೀಡೋತ್ಸವದಲ್ಲಿ ಬ್ಯಾಂಡ್‌ನ ಧರ್ಮವೇನು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಜನ ಬಂದಿರುವುದು ಆಟ ನೋಡಲು, ನಮ್ಮ ಸಂಗೀತ ಆಟದ ಬಿಡುವುಗಳಲ್ಲಿ ಬದುಕಬೇಕು. ಓಟದ ಆರಂಭದಲ್ಲಿ ಸ್ಟಾರ್ಟರ್ ಕೈಯೆತ್ತಿದ ಕ್ಷಣದಿಂದ ಗುಂಡಿನ ಸದ್ದಾಗುವವರೆಗೆ ಒಂದು ಸ್ವರವೂ ಹೊರಡಬಾರದು. ಸಂಕೇತಕ್ಕಾಗಿ ಕಿವಿಗೊಟ್ಟು ಕಾದಿರುವ ಓಟಗಾರನಿಗೆ ಡ್ರಮ್‌ನ ಒಂದು ಪೆಟ್ಟು ಆತನ ವರ್ಷದ ಶ್ರಮವನ್ನೇ ಹಾಳು ಮಾಡಬಲ್ಲದು. ಕುದುರೆಗಳಿರುವ ಸ್ಪರ್ಧೆಗಳಿದ್ದರೆ ಅವು ಹತ್ತಿರ ಹಾದುಹೋಗುವಾಗ ದೊಡ್ಡ ಡ್ರಮ್ ಮತ್ತು ತಾಳಗಳು ಸುಮ್ಮನಿರಲಿ. ಮೈದಾನದ ಮೇಲ್ವಿಚಾರಕರೊಬ್ಬರು ಬ್ಯಾಂಡ್‌ಮಾಸ್ಟರ್‌ರಿಗೆ ಕಾಣುವಂತೆ ನಿಂತು ಕೈಸನ್ನೆ ಮಾಡುವ ಏರ್ಪಾಡು ಬೇಕೇ ಬೇಕು, ಧ್ವನಿವರ್ಧಕದ ಘೋಷಣೆಯೊಂದಿಗೆ ಬ್ಯಾಂಡ್ ಪೈಪೋಟಿಗೆ ನಿಲ್ಲಲೇಬಾರದು.

ಎಲ್ಲಿ ಬೇಕಾದರೂ ನಿಲ್ಲಿಸಬಲ್ಲ ಕೃತಿಗಳನ್ನು ಆರಿಸಿಕೊಳ್ಳಲು ಇದೇ ಕಾರಣ. ಮಾರ್ಚ್‌ಗಳು ಬಯಲಿಗೆ ಒಗ್ಗುವುದು ನಡಿಗೆಯ ಲಯದಿಂದ ಮಾತ್ರವಲ್ಲ. ಅವು ಹೆಚ್ಚಾಗಿ 16 ಅಥವಾ 32 ಬಾರ್‌ಗಳ ಖಂಡಗಳಲ್ಲಿ ಕಟ್ಟಲ್ಪಟ್ಟಿರುವುದರಿಂದ ಪ್ರತಿ ಖಂಡದ ಕೊನೆಯಲ್ಲೂ ಗೌರವದಿಂದ ನಿಲ್ಲಬಹುದು. ದೊಡ್ಡ ಡ್ರಮ್‌ನ ಜೋಡಿಪೆಟ್ಟು ಬಿದ್ದರೆ ಆ ಖಂಡದ ಕೊನೆಗೆ ನಿಲ್ಲಿಸಬೇಕೆಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ನಿಧಾನಗತಿಯ, ಸೂಕ್ಷ್ಮ ಏರಿಳಿತದ ಕೃತಿಗಳನ್ನು ಸಭಾಂಗಣಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು. ಅವುಗಳ ಸೌಂದರ್ಯವೆಲ್ಲ ಮೆಲುದನಿಯಲ್ಲಿದೆ, ಮೆಲುದನಿ ಮೈದಾನದಲ್ಲಿ ಮೊದಲು ಸಾಯುತ್ತದೆ.

ಬಹುಮಾನ ವಿತರಣೆಗೆ ಬೇಕಾದ ಫ್ಯಾನ್‌ಫೇರ್, ಅಂದರೆ ತುತ್ತೂರಿಯ ಸ್ವಾಗತ ನಾದ, ಚಿಕ್ಕದಾಗಿರಲಿ, ಎಂಟು ಸೆಕೆಂಡು ಮೀರದಿರಲಿ, ದಣಿದ ತುಟಿಗೂ ನಿಲುಕುವ ಸ್ವರದಲ್ಲಿರಲಿ. ಬೆಳಗಿನ ಅಭ್ಯಾಸದಲ್ಲಿ ಸಲೀಸಾಗಿ ಬಂದ ತಾರಕ ಸ್ವರ ಸಂಜೆಗೂ ಬರುತ್ತದೆಂದು ನಂಬಿ ಬರೆದ ಫ್ಯಾನ್‌ಫೇರ್‌ಗಳು ಮೈದಾನದಲ್ಲಿ ಒಡೆದುಹೋಗುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಬಹುಮಾನಗಳ ಸಂಖ್ಯೆಯನ್ನು ಆಯೋಜಕರಿಂದ ಮೊದಲೇ ಕೇಳಿ ತಿಳಿಯಿರಿ. ನಲವತ್ತು ವಿಜೇತರಿದ್ದರೆ ನಲವತ್ತು ಸಲ ಊದಬೇಕಾಗುತ್ತದೆ. ಕಾರ್ನೆಟ್ ವಾದಕರು ಎರಡು ತಂಡಗಳಾಗಿ ಸರದಿಯಲ್ಲಿ ನುಡಿಸಿದರೆ ನಲವತ್ತನೆಯವನಿಗೂ ಮೊದಲನೆಯವನಿಗೆ ಸಿಕ್ಕಷ್ಟೇ ತೇಜಸ್ಸಿನ ಸ್ವಾಗತ ಸಿಗುತ್ತದೆ. ಆ ನಲವತ್ತನೆಯವನು ಹೆಚ್ಚಾಗಿ ಒಂದು ಪುಟ್ಟ ಮಗುವೇ ಆಗಿರುತ್ತದೆ.

ಇನ್ನುಳಿದ ಸಣ್ಣ ವಿಷಯಗಳು: ಸ್ವರಲಿಪಿಯ ಹಾಳೆಗಳಿಗೆ ಪಾರದರ್ಶಕ ಹೊದಿಕೆ ಹಾಕಿ, ಸ್ಟ್ಯಾಂಡ್‌ಗೆ ಬಟ್ಟೆ ಒಣಗಿಸುವ ಕ್ಲಿಪ್‌ಗಳಿಂದ ಎರಡೂ ಬದಿ ಕಚ್ಚಿಸಿ, ನಡೆಯುವಾಗ ಹಾಳೆ ಹಿಡಿಯಲು ವಾದ್ಯಕ್ಕೆ ಸಿಕ್ಕಿಸುವ ಲೈರ್ ಎಂಬ ಪುಟ್ಟ ಹಿಡಿಕೆ ಬಳಸಿ. ವಾದ್ಯವನ್ನು ಹುಲ್ಲಿನ ಮೇಲೆ ಇಡಬೇಡಿ. ತುಳಿತಕ್ಕೆ ಸಿಕ್ಕ ಟ್ರೊಂಬೋನ್ ಸ್ಲೈಡ್ ಆ ದಿನಕ್ಕಂತೂ ಮುಗಿದಂತೆ. ವಾಲ್ವ್ ಎಣ್ಣೆ ಜೇಬಿನಲ್ಲೇ ಇರಲಿ, ಏಕೆಂದರೆ ಬಿಸಿಲಿಗೆ ಎಣ್ಣೆ ತೆಳುವಾಗಿ ಬೇಗ ಆರುತ್ತದೆ, ಟ್ರ್ಯಾಕ್‌ನ ಧೂಳು ವಾಲ್ವ್‌ಗಳನ್ನು ಉಜ್ಜುತ್ತದೆ.

ಮನೆಗೆ ಮರಳಿದ ರಾತ್ರಿಯೇ ವಾಲ್ವ್‌ಗಳನ್ನು ಹೊರತೆಗೆದು ಒರೆಸಿ, ಕೊಳವೆಗಳಿಗೆ ಉಗುರುಬೆಚ್ಚಗಿನ ನೀರು ಹಾಯಿಸಿ, ಒಣಗಿದ ಮೇಲೆ ಹೊಸ ಎಣ್ಣೆ ಹಾಕಿ. ಮಲಗುವ ಮುನ್ನ ಐದು ನಿಮಿಷ ಬರಿಯ ಕೆಳ ಸ್ವರಗಳನ್ನು ಬಹಳ ಮೆಲ್ಲಗೆ ಊದಿದರೆ ಊದಿಕೊಂಡ ತುಟಿ ಸಡಿಲಗೊಳ್ಳುತ್ತದೆ. ಮಾರನೆಯ ದಿನ ವಾದ್ಯವನ್ನು ಮುಟ್ಟದಿದ್ದರೂ ನಡೆಯುತ್ತದೆ. ಮುಟ್ಟುವುದಾದರೆ ಸ್ವರಲಿಪಿಯ ಮೂರನೇ ಗೆರೆಯಿಂದ ಮೇಲಿನ ಸ್ವರಗಳನ್ನು ಅದರ ಮರುದಿನಕ್ಕೆ ಬಿಡಿ.